ಮೆಟ್ಟಿಲಿಗೆ ಹಾಕಿದ ಏಳು ಕಲ್ಲು

ಶೇವಂತೆವ್ವನಿಗೆ ಓದಲು ಬರುತ್ತಿದ್ದದ್ದು ಒಂದೇ ಒಂದು ಹಾಳೆ. ಸತ್ಯವೇದದ ಆ ಹಾಳೆ ಬಿಟ್ಟು ಅದರ ಮಗ್ಗುಲಿನದನ್ನು ಕೊಟ್ಟರೂ ಅವಳಿಗದು ಇರುವೆ ಸಾಲು. ಸಿಂದಗಿಯ ಅಡತಿ ಅಂಗಡಿಯಲ್ಲಿ ದಿನವಿಡೀ ತೊಗರಿ ಹಸನು ಮಾಡಿ ಬಂದು, ಕೈಕಾಲು ತೊಳೆದು, ಆ ಹಾಳೆಯ ಮೇಲೆ ಬೆರಳಿಟ್ಟು ಓದುವಳು. ತಪ್ಪು ಮಾಡಿ ಸಿಕ್ಕಿಬಿದ್ದ ಒಬ್ಬ ಹೆಂಗಸು. ಅವಳನ್ನು ಕಲ್ಲೆಸೆದು ಕೊಲ್ಲಲು ಎಳೆದು ತಂದ ಗಂಡಸರು. ಪಾಪ ಮಾಡದವನು ಯಾರಿದ್ದೀರೋ ಅವನೇ ಮೊದಲು ಹೊಡೆಯಲಿ ಎಂದ ಯೇಸುಸ್ವಾಮಿ. ಹಿರಿಯರು ಮೊದಲಾಗಿ ಒಬ್ಬೊಬ್ಬರೇ ಜಾರಿಕೊಂಡರು. ಕಥೆ ಇಷ್ಟೇ. ಆದರೆ ಶೇವಂತೆವ್ವ ಉಸಿರಾಡುತ್ತಿದ್ದದ್ದೇ ಈ ಕಥೆಯ ಮೇಲೆ.

ಅವಳು ಹುಟ್ಟಿದ್ದು ತಾಂಬಾದ ಒಂದು ಕ್ರೈಸ್ತರ ಮನೆಯಲ್ಲಿ. ಹದಿನೈದಕ್ಕೆ ಮದುವೆ, ಹದಿನಾರಕ್ಕೆ ಮೈತುಂಬ ಬಾಸುಂಡೆ. ಗಂಡನ ಕೈಯ ಹೊಡೆತ ತಡೆಯದೆ ಒಬ್ಬ ಬಂಡಿಯವನ ಹಿಂದೆ ಇಂಡಿಗೆ ಓಡಿಹೋದಳು. ಅವನೋ, ಹೊಟ್ಟೆಯಲ್ಲಿ ಕೂಸು ನಿಂತದ್ದು ತಿಳಿದ ದಿನವೇ ಬಂಡಿ ಹೂಡಿಕೊಂಡು ಮಾಯವಾದ. ಗಂಡಸರಿಗೆ ದಾರಿ ಹತ್ತು ಇರುತ್ತವೆ, ಹೆಂಗಸಿಗೆ ತವರಿನದೊಂದೇ. ಅವಳಿಗೆ ಅದೂ ಮುಚ್ಚಿತ್ತು. ೧೯೫೦ರ ಒಂದು ರವಿವಾರ, ಎರಡು ತಿಂಗಳ ಹೆಣ್ಣು ಕೂಸನ್ನು ಉಡಿಯಲ್ಲಿ ಕಟ್ಟಿಕೊಂಡು ಸಿಂದಗಿಯ ಪ್ರಾರ್ಥನಾ ಮಂದಿರದ ಬಾಗಿಲಿಗೆ ಬಂದು ಕುಳಿತಳು.

ಆಗ ಮಂದಿರದ ಗೋಡೆ ಕಟ್ಟುತ್ತಿದ್ದರು. ಅಂಗಳದಲ್ಲಿ ಕಲ್ಲಿನ ರಾಶಿ ಬಿದ್ದಿತ್ತು. ಸಭೆಯ ಎಂಟು ಮನೆಗಳ ಗಂಡಸರಲ್ಲಿ ಏಳು ಮಂದಿ, ಗಂಡನನ್ನು ಬಿಟ್ಟು ಓಡಿಹೋದವಳೆಂದು ಗುರುತು ಹಿಡಿದು, ಹೊಡೆಯಲು ಒಂದೊಂದು ಕಲ್ಲೆತ್ತಿಕೊಂಡರು. ಅಷ್ಟರಲ್ಲಿ ಉಪದೇಶಿ ಖಂಡೆಪ್ಪನವರು ಪುಸ್ತಕ ಹಿಡಿದು ಹೊರಗೆ ಬಂದವರೇ, ಯಾರಿಗೂ ಏನೂ ಹೇಳದೆ ಈ ಹಾಳೆಯನ್ನು ಓದತೊಡಗಿದರು. ಶೇವಂತೆವ್ವ ಯಾರ ಮುಖವನ್ನೂ ನೋಡಲಿಲ್ಲ. ಅವಳು ನೋಡಿದ್ದು ಕಲ್ಲುಗಳನ್ನು, ಅವನ್ನು ಹಿಡಿದ ಕೈಗಳನ್ನು. ಒಂದೊಂದಾಗಿ ಏಳೂ ನೆಲಕ್ಕೆ ಇಳಿದವು. ಮುಂದೆ ಮಂದಿರಕ್ಕೆ ಮೆಟ್ಟಿಲು ಹಾಕುವಾಗ ಆ ಏಳನ್ನೂ ರಾಶಿಯಿಂದ ಆರಿಸಿ ಗೌಂಡಿಯ ಕೈಗೆ ಕೊಟ್ಟವಳು ಅವಳೇ.

ಖಂಡೆಪ್ಪನವರು ಅದೇ ಹಾಳೆಯಿಂದ ಅವಳಿಗೆ ಓದು ಕಲಿಸಿದರು. ಸಭೆಯಲ್ಲಿ ಅವರು ಸದಾ ಹೇಳುತ್ತಿದ್ದ ಮಾತೊಂದಿತ್ತು: “ಜ್ವಾಳದ ಚೀಲಕ್ಕ ಇಲಿ ಒಂದು ತೂತು ಕೊರದ್ರ ಸಾಕು, ಚೀಲೆಲ್ಲಾ ಸೋರತೈತಿ. ಶಾಸ್ತ್ರದಾಗ ಒಂದು ಮಾತು ಸುಳ್ಳಂದ್ರ ಇಡೀ ಶಾಸ್ತ್ರ ಸುಳ್ಳು. ತಿಳೀತಿಲ್ಲೋ?” ಉಳಿದವರು ಆಕಳಿಸುತ್ತ ತಲೆಯಾಡಿಸುವರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳು ಶೇವಂತೆವ್ವ ಒಬ್ಬಳೇ. ಪುಸ್ತಕದಲ್ಲಿ ತಪ್ಪಿಲ್ಲ, ಪುಸ್ತಕ ತನ್ನನ್ನು ಕ್ಷಮಿಸಿ ಬಿಟ್ಟಿದೆ, ಅಂದಮೇಲೆ ತಾನು ಬದುಕಬಹುದು.

ಹದಿನೇಳು ವರ್ಷ ಹೀಗೇ ಸಾಗಿತು. ಅಂದಿನ ಕೂಸು ಮಾರ್ಥವ್ವ ದೊಡ್ಡವಳಾದಳು. ಇಂಡಿಯ ಕಡೆಯಿಂದ ಸಂಬಂಧ ಬಂತು, ಹುಡುಗ ಒಳ್ಳೆಯವನು. ಅವರ ಸಭೆಗಳಲ್ಲಿ ಮದುವೆಗೆ ಮೊದಲು ಮೂರು ರವಿವಾರ ಗಂಡುಹೆಣ್ಣಿನ ಹೆಸರು ಕೂಗುತ್ತಾರೆ. ತಕರಾರಿದ್ದವರು ಆಗಲೇ ಎದ್ದು ಹೇಳಬೇಕು. ಮೊದಲ ರವಿವಾರ ಸುಸೂತ್ರ. ಎರಡನೆಯ ರವಿವಾರ ಹುಡುಗನ ಸೋದರಮಾವ, ಸಿಂದಗಿಯ ಸಭೆಯವರೇ ಆದ ಬಸಂತರಾಯ ಮಾಸ್ತರ ಎದ್ದು ನಿಂತರು.

ಮಾಸ್ತರ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಮುಗಿಸಬಹುದಿತ್ತು. ಖಂಡೆಪ್ಪನವರ ಚೀಲದ ಮಾತನ್ನು ಅವರೂ ನಂಬಿದವರೇ, ಮೇಲೆ ಇಂಗ್ಲಿಷ್ ಬೇರೆ ಕಲಿತವರು. ಕೈಯಲ್ಲಿ ಇಂಗ್ಲಿಷಿನ ಹೊಸ ಸತ್ಯವೇದವಿತ್ತು.

“ಆ ಹೆಂಗಸಿನ ಕಥಿ ಇದರಾಗ ಶಾಸ್ತ್ರದ ಸಾಲಿನಾಗ ಇಲ್ಲ. ತೆಗದು ಕೆಳಗ ಸಣ್ಣ ಅಕ್ಷರದಾಗ ಹಾಕ್ಯಾರ. ಭಾಳ ಹಳೇ ಪ್ರತಿಗಳೊಳಗ ಅದು ಇಲ್ಲಂತ. ಯಾರೋ ಆಮ್ಯಾಲ ಸೇರಿಸಿದ್ದು. ಆ ಕಥಿ ಮ್ಯಾಲ ಈ ತಾಯಿನ್ನ ಸಭಾದಾಗ ತಗೊಂಡ್ವಿ. ಕಥೀನ ಶಾಸ್ತ್ರ ಅಲ್ಲಂದ್ರ ಈ ಮನಿಗೆ ನಮ್ಮ ಹುಡುಗನ್ನ ಹೆಂಗ ಕೊಡೂದ್ರಿ?” ಎಂದರು.

ಸಭೆಯ ಪಾದ್ರಿ ಅಯ್ಯನವರು ಹೊಸಬರು, ಎಳೆಯರು. ಇನ್ನೊಂದು ವಾರ ನೋಡೋಣ ಎಂದುಬಿಟ್ಟರು. ಮಾರ್ಥವ್ವ ತಾಯಿಯ ಮುಖ ನೋಡಿದಳು. ಶೇವಂತೆವ್ವ ನೆಲ ನೋಡಿದಳು. ಹಳೆಯ ಪುಸ್ತಕವೂ ಸತ್ಯವೇದ, ಹೊಸದೂ ಸತ್ಯವೇದ. ಯಾವುದರಲ್ಲೂ ತಪ್ಪಿರಕೂಡದು. ಹಾಗಾದರೆ ತಪ್ಪು ಇರುವುದೆಲ್ಲಿ? ತನ್ನಲ್ಲೇ.

ಮರುದಿನವೇ ಮೋಟಾರು ಹತ್ತಿ ಬಸವನ ಬಾಗೇವಾಡಿಗೆ ಹೋದಳು. ಖಂಡೆಪ್ಪನವರು ಮುದುಕರಾಗಿ, ಕಣ್ಣು ಮಂಜಾಗಿ, ಅಲ್ಲಿ ತಂಗಿ ಗುರವ್ವನ ಮನೆಯಲ್ಲಿದ್ದರು. ಹಾಳೆಯನ್ನು ಅವರ ಮುಂದೆ ಬಿಚ್ಚಿಟ್ಟು, ನಡೆದದ್ದನ್ನೆಲ್ಲ ಹೇಳಿ, “ಯಪ್ಪಾ, ಐತೋ ಇಲ್ಲೋ, ಅಷ್ಟ ಹೇಳ್ರಿ,” ಎಂದಳು.

ಮುದುಕರು ಹಾಳೆಯನ್ನು ಬೆರಳಿನಿಂದ ಸವರಿದರು.

“ಶೇವಂತಿ, ಉಪದೇಶಿ ಕೆಲಸ ಕಲಿಯೂವಾಗ ನಮಗ ಕಲಿಸೋ ಪಾದ್ರಿ ಹೇಳಿದ್ರು, ಹಳೇ ಪ್ರತಿಯೊಳಗ ಇದು ಸಿಗೂದಿಲ್ಲ ಅಂತ.”

“ಅಂದ್ರ ಅವತ್ತ ನಿಮಗ ಗೊತ್ತಿತ್ತು?”

“ಗೊತ್ತಿತ್ತು. ಅವರ ಕೈಯಾಗ ಕಲ್ಲು ಇತ್ತು, ನಿನ್ನ ಉಡ್ಯಾಗ ಕೂಸಿತ್ತು. ಓದಿದೆ.”

“ಐತವಾರ ಬಂದು ಒಂದು ಮಾತು ಹೇಳ್ರೆಪಾ. ನಿಮ್ಮ ಮಾತಂದ್ರ ಎಲ್ಲಾರೂ ಕೇಳ್ತಾರ.”

“ಏನಂತ ಹೇಳ್ಲಿ? ಐತಿ ಅಂದ್ರ ಸುಳ್ಳು ಹೇಳಿದಂಗ. ಇಲ್ಲ ಅಂದ್ರ ನಲವತ್ತು ವರ್ಷ ನಾ ಹೇಳಿದ್ದೆಲ್ಲಾ ಸುಳ್ಳಾತು. ಇದನ್ನ ನುಂಗಾಕೂ ಆಗಲಿಲ್ಲ, ಉಗಳಾಕೂ ಆಗಲಿಲ್ಲ. ಹಂಗs ಇಟ್ಕೊಂಡು ಬದುಕೇನಿ ನಾನು.”

“ಹಂಗಾದ್ರ ಅವತ್ತ ನನ್ನ ಕ್ಷಮಿಸಿ ಬಿಟ್ಟಾವ್ರು ಯಾರು? ದೇವರೋ, ನೀವೋ?”

ಮುದುಕರು ಹಾಳೆಯನ್ನು ಮಡಚಿ ಅವಳ ಕೈಗಿತ್ತರು. ಗುರವ್ವ ಚಹಾ ತಂದಿಟ್ಟಳು. ಶೇವಂತೆವ್ವ ಮುಟ್ಟದೆ ಎದ್ದು ಬಂದಳು. ಬರುವಾಗ ಹಿಪ್ಪರಗಿಯಲ್ಲಿ ಮೋಟಾರು ನಿಂತಿತು. ಕೆಳಗಿಳಿದು ಒಂದು ಬಾವಿಯ ಕಟ್ಟೆಯ ಮೇಲೆ ಕುಳಿತಳು. ನೀರು ಆಳದಲ್ಲಿತ್ತು. ಇಲ್ಲೇ ಉಳಿದುಬಿಟ್ಟರೆ ಕೇಳುವವರು ಯಾರು ಎಂದುಕೊಂಡಳು. ಮಾರ್ಥವ್ವ ಕೇಳುತ್ತಾಳೆ ಎನ್ನುವುದು ನೆನಪಾಗಿ, ಕಂಡಕ್ಟರ್ ಎರಡು ಸಲ ಒದರಿದ ಮೇಲೆ ಮತ್ತೆ ಹತ್ತಿದಳು.

ಆ ವಾರವಿಡೀ ಅವಳು ಹಾಳೆಯನ್ನು ಮುಟ್ಟಲಿಲ್ಲ. ತೊಗರಿಯಲ್ಲಿ ಕಲ್ಲು ಹಾಗೇ ಉಳಿದು ಅಂಗಡಿಯವನಿಂದ ಬೈಸಿಕೊಂಡಳು. ಪ್ರಾರ್ಥನೆಗೆಂದು ಕುಳಿತರೆ ಯಾರನ್ನು ಕರೆಯಬೇಕೆಂದೇ ತಿಳಿಯುತ್ತಿರಲಿಲ್ಲ. ರವಿವಾರ ಬೆಳಕು ಹರಿಯುತ್ತಲೇ ನೆರೆಮನೆಯ ರಹಿಮಾಬಿಯ ಹತ್ತಿರ ಹಾರೆ ಕೇಳಿದಳು.

“ಎದಕ್ಕ ಬೇಕವ್ವಾ ಹಾರಿ?”

“ಮೆಟ್ಟಲಾ ಕೀಳಬೇಕು.”

ರಹಿಮಾಬಿ ಅವಳ ಮುಖ ನೋಡಿ ಹಾರೆ ತಂದುಕೊಟ್ಟಳು.

ಜನ ಬಂದಾಗ ಮಂದಿರದ ಮೆಟ್ಟಿಲು ಕಿತ್ತುಬಿದ್ದಿತ್ತು. ಗೊಣಗುತ್ತ, ದಾಟಿಕೊಂಡು ಒಳಗೆ ಬಂದರು. ಅಯ್ಯನವರು ಮೂರನೆಯ ಸಲ ಹೆಸರು ಕೂಗುವ ಮುಂಚೆಯೇ ಬಸಂತರಾಯ ಮಾಸ್ತರ ಪುಸ್ತಕ ಹಿಡಿದು ಎದ್ದರು. ಶೇವಂತೆವ್ವ ಬುಟ್ಟಿ ಹೊತ್ತುಕೊಂಡು ನಡುವೆ ಬಂದಳು. ಬುಟ್ಟಿಯಿಂದ ಒಂದು ಕಲ್ಲು ತೆಗೆದಳು, ಕೆಂಪು ಕಲ್ಲು, ಮೇಲೆ ಬಿಳಿ ಗೆರೆ.

“ಮಾಸ್ತರ, ನೀವು ಓದಿದಾವ್ರು. ಹಾಳಿ ಇಲ್ಲ ಅಂತೀರಿ. ನಾನೂ ಇಲ್ಲ ಅಂತ ತಿಳ್ಕೋತೇನಿ. ಆದ್ರ ಅವತ್ತ ಇಲ್ಲಿ ನೀವೂ ಇದ್ರಿ. ಹರೇದಾಗಿದ್ರಿ. ಇದು ನಿಮ್ಮ ಕಲ್ಲು. ಎಲ್ಲಾರಿಗಿಂತ ಕಡೀಕ ಕೆಳಗ ಇಟ್ಟಾವ್ರು ನೀವು. ಆ ಕಥಿ ಸುಳ್ಳಂದ್ರ ಇಟ್ಟದ್ದೂ ತಪ್ಪಾತು. ತಗೋರಿ. ಅವತ್ತಿನ ಕೆಲಸ ಇವತ್ತ ಮುಗಸ್ರಿ. ಮಗಳನ್ನ ಮಾತ್ರ ಬಿಟ್ಟುಬಿಡ್ರಿ.”

ಕಲ್ಲನ್ನು ಅವರ ಕೈಯಲ್ಲಿಟ್ಟಳು. ಉಳಿದ ಆರನ್ನು ನೆಲಕ್ಕೆ ಸುರಿದಳು. ಆಮೇಲೆ ಹೊರಗೆ ಹೋಗಿ, ಕಿತ್ತ ಮೆಟ್ಟಿಲ ಮಣ್ಣಿನಲ್ಲಿ, ಹದಿನೇಳು ವರ್ಷದ ಹಿಂದೆ ಕುಳಿತ ಜಾಗದಲ್ಲೇ, ಜನರಿಗೆ ಬೆನ್ನು ಮಾಡಿ, ತಲೆಯ ಮೇಲೆ ಸೆರಗೆಳೆದುಕೊಂಡು ಕುಳಿತಳು. ಅವಳು ಹೆದರಿಸಲು ಕುಳಿತಿರಲಿಲ್ಲ. ಹೊಡೆದರೆ ಹೊಡೆಯಲಿ ಎಂದೇ ಕುಳಿತಿದ್ದಳು. ಮಾರ್ಥವ್ವ ಓಡಿಬಂದು ಮಗ್ಗುಲಲ್ಲಿ ಕುಳಿತು ತಾಯಿಯ ಕೈ ಹಿಡಿದುಕೊಂಡಳು. ಅವಳಿಗೆ ಈ ಕಥೆಯನ್ನು ಅದುವರೆಗೂ ಯಾರೂ ಪೂರಾ ಹೇಳಿರಲಿಲ್ಲ.

ಒಳಗೆ ಮಾಸ್ತರ ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದರು. ಕಡೆಗೆ ಕಲ್ಲು ನೆಲಕ್ಕೆ ತಾಗಿದ ಸಪ್ಪಳ ಬಂತು, ಎಸೆದದ್ದಲ್ಲ, ಬಗ್ಗಿ ಇಟ್ಟದ್ದು. ಅಯ್ಯನವರು ಹೆಸರು ಕೂಗಿದರು. ತಕರಾರಿದ್ದವರು ಹೇಳಿರಿ ಎಂದರು. ಯಾರೂ ಏಳಲಿಲ್ಲ.

ಮಾರ್ಥವ್ವ ತಿರುಗಿ ನೋಡಿ, “ಅವ್ವಾ, ಮಾಸ್ತರ ಕಲ್ಲು ಕೆಳಗ ಇಟ್ರು,” ಎಂದಳು.

ಶೇವಂತೆವ್ವ ತಿರುಗಲಿಲ್ಲ.

“ಕೇಳಿಸ್ತು,” ಎಂದಳು. “ಅವತ್ತೂ ಹಿಂಗs ಸಪ್ಪಳಾಗಿತ್ತು.”