ಗುಡ್ಡೆ ಹಾಕಿದವಳ ಪಾಲು

ನಮ್ಮ ಕಡೆ ನಾಲ್ಕೈದು ಮನೆಯವರು ಸೇರಿ ಕುರಿಯನ್ನೋ ಹಂದಿಯನ್ನೋ ಕಡಿದರೆ ಮಾಂಸವನ್ನು ತಕ್ಕಡಿಗೆ ಹಾಕುವುದಿಲ್ಲ. ಬಾಳೆ ಎಲೆಯ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತಾರೆ. ಗುಡ್ಡೆ ಹಾಕಿದವನು ಎಲ್ಲರೂ ಎತ್ತಿಕೊಂಡ ಮೇಲೆ ಉಳಿದದ್ದನ್ನು ಎತ್ತಿಕೊಳ್ಳಬೇಕು. ಹಾಗಾಗಿ ಮೂಳೆ, ಕೊಬ್ಬು, ಮೆತ್ತನೆ ತುಂಡು ಎಲ್ಲ ಗುಡ್ಡೆಗೂ ಸಮನಾಗಿ ಬೀಳುತ್ತದೆ. ತನಗೆ ಉಳಿಯುವುದು ಯಾವುದೆಂದು ಅವನಿಗೂ ಗೊತ್ತಿರುವುದಿಲ್ಲವಲ್ಲ. ನಮ್ಮಪ್ಪ ಹಾಕಿದ ಗುಡ್ಡೆಯ ಬಗ್ಗೆ ಊರಿನಲ್ಲಿ ಯಾರೂ ಚಕಾರ ಎತ್ತುತ್ತಿರಲಿಲ್ಲ.

ಬಾಳ್ಳುಪೇಟೆಯಲ್ಲಿ ಕಾಫಿಪುಡಿ ಅಂಗಡಿ ತೆರೆದಾಗ ಈ ಪದ್ಧತಿಯನ್ನೇ ನಾನು ಪಾಲುದಾರಿಕೆ ಪತ್ರದೊಳಕ್ಕೆ ತಂದೆ. ಪಾಲುದಾರರು ನಾವಿಬ್ಬರೇ ಹೆಂಗಸರು. ನನ್ನ ಗಂಡ ಆಲೂರು ಕಡೆ ಒಂದಿಷ್ಟು ತೋಟ ನೋಡಿಕೊಂಡಿರುವ ಮನುಷ್ಯ; ಒಳ್ಳೆಯವರೇ, ಆದರೆ ಈ ಕತೆಯಲ್ಲಿ ಅವರಿಗೆ ಕೆಲಸವಿಲ್ಲ. ಇನ್ನೊಬ್ಬಳು ನನಗಿಂತ ಆರು ವರ್ಷ ದೊಡ್ಡವಳು, ಮಾರನಹಳ್ಳಿಯ ಕ್ರಿಶ್ಚಿಯನ್ ಮನೆಯವಳು. ಅವಳ ತಾತ ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದು ಇಲ್ಲಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದನಂತೆ. ಒಡಹುಟ್ಟಿದವಳನ್ನು ಕರೆಯುವ ಹಾಗೆ ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಪತ್ರ ಬರೆದುಕೊಟ್ಟವರು ಹಾಸನದ ಒಬ್ಬ ಲಾಯರು. ಷರತ್ತು ಸರಳವಾಗಿತ್ತು. ಬೇರೆಯಾಗಬೇಕು ಅನ್ನುವವರು ಅರ್ಧ ಪಾಲಿಗೆ ಒಂದು ಬೆಲೆ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಬೇಕು. ಇನ್ನೊಬ್ಬರು ಮೂವತ್ತು ದಿನದೊಳಗೆ ಅದೇ ಬೆಲೆಗೆ ತಮ್ಮ ಪಾಲನ್ನು ಕೊಡಬಹುದು, ಇಲ್ಲವೇ ಅದೇ ಬೆಲೆಗೆ ಅವರ ಪಾಲನ್ನು ಕೊಳ್ಳಬಹುದು. ಕೊಡುವುದೋ ಕೊಳ್ಳುವುದೋ, ಆರಿಸುವ ಹಕ್ಕು ನೋಟೀಸು ಪಡೆದವರದು. ದೊಡ್ಡ ಕಂಪನಿಗಳಲ್ಲೂ ಇಂಥದೊಂದು ಷರತ್ತು ಇರುತ್ತದೆ ಎಂದರು ಲಾಯರು.

"ಹಾಗಾದ್ರೆ ಅವರಿಗೂ ಹಂದಿ ಕಡಿದು ಗೊತ್ತುಂಟು," ಎಂದಳು ಅಕ್ಕ.

ಬೀಜ ಕೊಳ್ಳುವುದು, ಗಿರಾಕಿ, ಹೋಟೆಲುಗಳ ಆರ್ಡರು ಅವಳದು. ಹುರಿಯುವುದು, ಪುಡಿ ಮಾಡುವುದು, ಚಿಕೋರಿಯ ಹದ ನನ್ನದು. ನನ್ನ ಮೂಗಿನ ಮೇಲೆ ನನಗೆ ಬಹಳ ಜಂಬವಿತ್ತು. ಡ್ರಮ್ಮಿನಲ್ಲಿ ಬೀಜ ತಿರುಗುತ್ತಿರುವಾಗ ಹುಲ್ಲಿನ ವಾಸನೆ ಹೋಗಿ, ರೊಟ್ಟಿಯ ವಾಸನೆ ಬಂದು, ಅದು ತಿರುಗಿ ಘಮ್ಮೆನ್ನುವ ಗಳಿಗೆ ಒಂದಿದೆ. ಅರ್ಧ ನಿಮಿಷ ತಡವಾದರೆ ಕೆಟ್ಟಿತು. ಹೆದ್ದಾರಿಯ ಲಾರಿಗಳೂ ನಮ್ಮ ಅಂಗಡಿಯ ಘಮಕ್ಕೆ ಬ್ರೇಕ್ ಹಾಕುತ್ತವೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಅಂಗಡಿಯ ಮುಂದೆ ಹಂಪ್ ಇತ್ತು, ಅದಕ್ಕೆ ಹಾಕುತ್ತಿದ್ದವು.

ಆಮೇಲೆ ಎಲ್ಲರಿಗೂ ಬಂದ ಕೊರೋನಾ ನನಗೂ ಬಂತು. ಜ್ವರ ಒಂದು ವಾರಕ್ಕೆ ಬಿಟ್ಟಿತು. ಹೋದ ವಾಸನೆ ಮಾತ್ರ ವಾಪಸ್ ಬರಲಿಲ್ಲ. ತಿಂಗಳು ಕಾದೆ, ಮಳೆಗಾಲ ಮುಗಿಯುವವರೆಗೂ ಕಾದೆ. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ನಾಚಿಕೆಯಾಗುತ್ತಿತ್ತು. ಬಾಳ್ಳುಪೇಟೆಯಲ್ಲಿ ನನ್ನನ್ನು ನಾಲ್ಕು ಜನ ಗುರುತು ಹಿಡಿಯುತ್ತಿದ್ದರೆ ಅದು ಆ ಮೂಗಿನಿಂದ. ಅದೇ ಇಲ್ಲ ಎಂದ ಮೇಲೆ ನಾನು ಅಂಗಡಿಯಲ್ಲಿ ಯಾರು? ಬೀಜದ ಬಣ್ಣ ನೋಡಿ, ಗೋಡೆ ಗಡಿಯಾರ ನೋಡಿ ಹುರಿಯತೊಡಗಿದೆ. ದೂರು ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಅದೇ ಕಾಲಕ್ಕೆ ಅಕ್ಕನಿಗೆ ಒಂದು ಹೊಸ ಚಾಳಿ ಶುರುವಾಗಿತ್ತು. ಡ್ರಮ್ಮು ತಿರುಗುತ್ತಿರುವಾಗ ಏನಾದರೊಂದು ನೆಪ ಮಾಡಿಕೊಂಡು ಒಳಗೆ ಬಂದು ನಿಲ್ಲುವಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಆಯ್ತಾ ಮಾರಾಯ್ತಿ, ಇನ್ನೂ ಎಂತ?" ಅನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಇಲ್ಲದ ಉಸಾಬರಿ ಈಗ ಯಾಕೆ? ಸಿಟ್ಟಿಗೆ ಪಟ್ಟನೆ ಡ್ರಮ್ಮು ತೆರೆದು ಬೀಜ ಸುರಿದುಬಿಡುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಪೋಸ್ಟಿನವನು ಬಂದ. ಕೌಂಟರಿನಲ್ಲಿದ್ದವಳು ಅಕ್ಕ. "ನಿಂಗೆ ಬಂದಿದೆ, ಸೈನ್ ಮಾಡು," ಎಂದಳು, ನನ್ನ ಮುಖ ನೋಡದೆ. ಒಡೆದರೆ ಅವಳದೇ ನೋಟೀಸು. ಅಂಚೆಯಲ್ಲೇ ಕಳಿಸಬೇಕೆಂಬ ಷರತ್ತು ಇಬ್ಬರೂ ಒಪ್ಪಿದ್ದೇ ನಿಜ. ಆದರೂ ಮೂರಡಿ ದೂರದಲ್ಲಿ ಕೂತವಳು ಒಂದು ಮಾತು ಹೇಳಬಾರದಿತ್ತೇ? ಅದಕ್ಕಿಂತ ವಿಚಿತ್ರವಾಗಿ ಕಂಡದ್ದು ಅವಳು ಬರೆದ ಬೆಲೆ. ಅರ್ಧ ಪಾಲಿಗೆ ಹೇಳಿದ ಆ ಬೆಲೆಗೆ ಇಡೀ ಅಂಗಡಿ, ಮಷೀನುಗಳ ಸಮೇತ, ಬರುತ್ತಿತ್ತು.

ಗುಡ್ಡೆ ಹಾಕುವವರು ಒಂದು ಕಡೆ ಇಷ್ಟು ಎತ್ತರ ಹಾಕಿದರೆ ನಮ್ಮ ಕಡೆಯವರಿಗೆ ಬರುವ ಯೋಚನೆ ಒಂದೇ: ಏನೋ ಮೋಸವಿದೆ. ಮಗ್ಗೆಯಲ್ಲಿರುವ ಅಣ್ಣನನ್ನು ಕೇಳಿದೆ. ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸುಮ್ಸುಮ್ನೆ ಯಾರಾದ್ರೂ ಇಷ್ಟು ಬರೀತಾರಾ? ಯಾವ್ದೋ ದೊಡ್ಡ ಕಂಪನಿಯೋರು ಅಂಗಡಿ ಹೆಸರು ಕೇಳವ್ರೆ. ನಿನ್ನ ಸಾಗಾಕ್ಬುಟ್ಟು ಅವ್ರಿಗೆ ಎರಡರಷ್ಟಕ್ಕೆ ಮಾರ್ತಾಳೆ. ನೀನೇ ತಗೊ ಕಣವ್ವ, ಬುಡ್ಬ್ಯಾಡ."

ತಗೊಳ್ಳಲು ದುಡ್ಡು ಬೇಕಲ್ಲ. ಅಪ್ಪ ನನ್ನ ಹೆಸರಿಗೆ ಬರೆದಿದ್ದ ಎರಡೆಕರೆ ಕಾಫಿ ತೋಟ ಮಗ್ಗೆಯಲ್ಲಿತ್ತು. ಅದನ್ನು ಮಾರಿದೆ. ಕೊಂಡವನು ಅಣ್ಣನೇ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ನನಗೆ ಬಂದದ್ದು ರಿಜಿಸ್ಟ್ರೇಷನ್ ಆದ ಮೇಲೆ.

ಆ ಮೂವತ್ತು ದಿನ ಒಂದೇ ಸೂರಿನಡಿ ಕೂತು ನಾವು ಗಿರಾಕಿಗಳ ಮೂಲಕ ಮಾತಾಡಿದೆವು. "ಅರ್ಧ ಕೇಜಿ ಇವರಿಗೆ ಬೇಕಂತೆ," ಎಂದು ಅವಳು ಗೋಡೆಗೆ ಹೇಳುವಳು. "ಐದು ನಿಮಿಷ ಆಗುತ್ತೆ ಅಂತ ಹೇಳಿ," ಎಂದು ನಾನು ಗಿರಾಕಿಗೇ ಹೇಳುವೆ. ಇಷ್ಟರ ನಡುವೆಯೂ ಅವಳು ಡ್ರಮ್ಮಿನ ಹತ್ತಿರ ಬಂದು ನಿಲ್ಲುವುದನ್ನು ಬಿಡಲಿಲ್ಲ. ಮಾತಿಲ್ಲದ ಕಾರಣ ಕೆಮ್ಮುತ್ತಿದ್ದಳು.

ಇಪ್ಪತ್ತೆಂಟನೆಯ ದಿನ ನಾನೇ ಕೊಳ್ಳುತ್ತೇನೆಂದು ಬರೆದು ಕೊಟ್ಟೆ. ಓದಿದವಳ ಮುಖದ ಬಣ್ಣವೇ ಇಳಿದುಹೋಯಿತು.

"ನೀನು ಕೊಳ್ಳೋದಲ್ಲ ಮಾರಾಯ್ತಿ, ನೀನು ಕೊಡು. ದುಡ್ಡು ನನ್ ಹತ್ರ ಉಂಟು. ತಗೊಂಡು ಆರಾಮಾಗಿರು."

"ನನ್ನ ಓಡ್ಸಕ್ಕೆ ಇಷ್ಟು ಆತ್ರನಾ ನಿಂಗೆ?"

"ಬೇಡ, ಹಾಗಾದ್ರೆ ನೋಟೀಸು ವಾಪಸ್ ತಗೊಳ್ತೇನೆ. ಎಂತದೂ ಬೇಡ."

"ಹಾಕಿದ ಗುಡ್ಡೆ ಹಾಕಿದ್ದೇ ಕಣಕ್ಕ. ಕದಲ್ಸಂಗಿಲ್ಲ."

ಮಾತು ಲಾಯರ ಹತ್ತಿರ ಹೋಯಿತು. ನೋಟೀಸು ಹಿಂದೆ ಪಡೆಯಲು ಇನ್ನೊಬ್ಬರ ಒಪ್ಪಿಗೆ ಬೇಕು, ಇಲ್ಲವೇ ಗಟ್ಟಿ ಕಾರಣ ಬೇಕು, ಅದಿದ್ದರೆ ಪತ್ರದಲ್ಲಿ ದಾರಿ ಹುಡುಕಬಹುದು ಎಂದರು ಅವರು. ಏನು ಕಾರಣ ಎಂದು ಅಕ್ಕನನ್ನು ಕೇಳಿದರು. ಅವಳು ನನ್ನನ್ನು ನೋಡಿದಳು. ಗುಮಾಸ್ತ ಅಲ್ಲೇ ಇದ್ದ, ಇನ್ನಿಬ್ಬರು ಕಕ್ಷಿದಾರರು ಬೆಂಚಿನ ಮೇಲೆ ಕೂತಿದ್ದರು.

"ಅವ್ಳೇನ್ ಹೇಳ್ತಾಳೆ ಸಾರ್, ನಾನ್ ಹೇಳ್ತೀನಿ," ಎಂದೆ. "ಹಿಂದ್ಗಡೆ ಯಾರ್ ಹತ್ರನೋ ವ್ಯಾಪಾರ ಕುದುರ್ಸ್ಕೊಂಡವ್ಳೆ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದವ್ಳು ಕಳ್ಳಿ ಅಂತ ನಂಗೆ ಗೊತ್ತಾಗ್ಲಿಲ್ಲ."

ಅಕ್ಕ ಗುಮಾಸ್ತನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಹೊರಟುಹೋದಳು.

ಅಂಗಡಿ ಪೂರ್ತಿ ನನ್ನದಾಯಿತು. ಯಾವ ಕಂಪನಿಯವರೂ ಬರಲಿಲ್ಲ. ನಾಲ್ಕನೆಯ ದಿನ ಹೊಸ ಬೀಜ ಡ್ರಮ್ಮಿಗೆ ಹಾಕಿ ಗಡಿಯಾರ ನೋಡುತ್ತ ನಿಂತಿದ್ದೆ. ಇನ್ನೂ ಮೂರು ನಿಮಿಷ ಇತ್ತು. ಹೊಗೆಯನ್ನು ಚಿಮಣಿ ಹೊರಗೆ ಎಳೆದುಕೊಳ್ಳುತ್ತಿತ್ತು. ಎದುರಿನ ಪಂಕ್ಚರ್ ಅಂಗಡಿಯವನು ಓಡಿ ಬಂದ.

"ಅಕ್ಕೋ, ಏನ್ ಸುಡ್ತಾ ಐತೆ? ಬಸ್‌ಸ್ಟ್ಯಾಂಡ್ ಗಂಟ ನಾತ ಬತ್ತೈತಲ್ಲ!"

ತೆರೆದರೆ ಇದ್ದಿಲು. ಆ ಬೀಜ ಹೆಚ್ಚು ಒಣಗಿತ್ತಂತೆ, ಬೇಗ ಹತ್ತಿಕೊಂಡಿದೆ. ಗಡಿಯಾರಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು? ನಾನು ಆ ಕಪ್ಪು ಬೀಜದ ಮುಂದೆ ಮೊರದ ಮೇಲೆ ಕೈಯಿಟ್ಟು ಕೂತುಬಿಟ್ಟೆ. ಎರಡು ವರ್ಷ ಗಳಿಗೆ ತಪ್ಪದಂತೆ ನನ್ನ ಡ್ರಮ್ಮು ತೆರೆಸಿದ್ದು ಯಾರೆಂದು ಆಗ ತಿಳಿಯಿತು. ಕೆಮ್ಮಿನ ಅರ್ಥವೂ ತಿಳಿಯಿತು.

ಮಧ್ಯಾಹ್ನವೇ ಬಾಗಿಲು ಹಾಕಿ ಸಕಲೇಶಪುರದ ಬಸ್ಸು ಹತ್ತಿದೆ, ಅಲ್ಲಿಂದ ಮಾರನಹಳ್ಳಿಗೆ ಇನ್ನೊಂದು. ಅಕ್ಕ ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಬಾ ಎಂದಳು, ಕೂರಿಸಿದಳು, ಕಾಫಿ ತಂದುಕೊಟ್ಟಳು.

"ಪೇಟೆ ಅಂಗಡಿದು ಪುಡಿ. ಹೇಗುಂಟು?" ಎಂದಳು.

"ಗೊತ್ತಾಗಲ್ಲ ಕಣಕ್ಕ," ಎಂದೆ. "ಕೊರೋನಾ ಬಂದಾಗಿಂದ ನಂಗೆ ವಾಸ್ನೆನೇ ಇಲ್ಲ."

ಇಷ್ಟೇ ಮಾತು. ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.

"ಗೊತ್ತುಂಟು. ನೀನು ಕ್ವಾರಂಟೈನ್ ಮುಗಿಸಿ ಬಂದ ವಾರವೇ ಗೊತ್ತಾಯ್ತು," ಎಂದಳು. ನೆಂಟರ ಮದುವೆಗೆ ಅವಳು ಒಂದು ದಿನ ಊರಿಗೆ ಹೋದಾಗ ನಾನು ಸುಟ್ಟ ಪುಡಿಯನ್ನು ಹೋಟೆಲಿನವರು ವಾಪಸ್ ಕಳಿಸಿದ್ದರಂತೆ. ನನಗೆ ಹೇಳದೆ ಬೇರೆ ಕೊಟ್ಟು ಬಾಯಿ ಮುಚ್ಚಿಸಿದ್ದಳು. "ಎಷ್ಟು ದಿನ ಅಂತ ನಾನು ಡ್ರಮ್ಮಿನ ಹತ್ರ ಕಾಯೋದು? ನನಗೂ ವಯಸ್ಸಾಯ್ತು. ನಾನಿಲ್ಲದ ಒಂದು ದಿನ ಊರಿಗೆಲ್ಲ ಗೊತ್ತಾಗ್ತಿತ್ತು. ಅದಕ್ಕೇ ಅಷ್ಟು ಬೆಲೆ ಹಾಕಿದ್ದು. ಆ ದುಡ್ಡು ನೋಡಿದ್ರೆ ನೀನು ಕೊಟ್ಟುಬಿಡ್ತಿ, ಹೆಸರು ಉಳಿಸ್ಕೊಂಡು ಮನೇಲಿರ್ತಿ ಅಂತ."

"ನನ್ ಮುಂದೆ ಹೇಳ್ಬೋದಿತ್ತಲ್ಲಕ್ಕ."

"ನಾನಾ? ನೀನು ಹೇಳ್ಲಿ ಅಂತ ಎರಡು ವರ್ಷ ಕಾದೆ."

ವಾಪಸ್ ಬಾ ಎಂದು ಕೇಳಿದೆ. ಪಾಲು ನೀನು ಹೇಳಿದಷ್ಟು, ಬೆಲೆ ನೀನು ಹೇಳಿದ್ದು, ಕಾಗದವೇ ಬೇಡ ಎಂದೆ. ಅವಳು ಲೋಟ ಎತ್ತಿಕೊಂಡು ಎದ್ದಳು.

"ಮೂಗಿರೋರು ಸಂಬಳಕ್ಕೆ ಸಿಗ್ತಾರೆ, ಯಾರನ್ನಾದ್ರೂ ಇಟ್ಕೋ. ಲಾಯರ್ ಎದುರು ಕಳ್ಳಿ ಅನ್ನಿಸ್ಕೊಂಡವಳು ಯಾಕೆ ನಿಂಗೆ?"

ಸಿಟ್ಟಿನಲ್ಲಿ ಹೇಳಲಿಲ್ಲ ಅವಳು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಇನ್ನೊಂದು ದಿನ ಹೋಗಿ ಮತ್ತೆ ಕೇಳುತ್ತಿದ್ದೆ.