ಹೊಸ ಅಕ್ಕಿಯ ಏಳು ಕಾಳು

ಗಂಟು ಕೈಗೆ ಸಿಕ್ಕಿದ್ದು ಭಾನುವಾರ ಇಗರ್ಜಿಗೆ ಹೊರಟಾಗ, ಸರದ ಕೊಂಡಿ ಹಾಕುವಾಗ. ಕುತ್ತಿಗೆಯ ಬಲಗಡೆ, ನೆಲ್ಲಿಕಾಯಿಯಷ್ಟು. ನೋವಿರಲಿಲ್ಲ. ನೋವಿಲ್ಲದ್ದಕ್ಕೇ ಹೆದರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಲಿಂಫೋಮಾ, ದುಗ್ಧಗ್ರಂಥಿಯ ಕ್ಯಾನ್ಸರ್.

ಫಳ್ನೀರಿನ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಎರಡನೆಯ ಸುತ್ತಿನ ನಂತರ ರಕ್ತದ ಬಿಳಿಕಣಗಳ ಕೌಂಟ್ ಪಾತಾಳಕ್ಕಿಳಿಯಿತು. "ಹಸಿ ಯಾವುದೂ ತಿನ್ಲಿಕ್ಕಿಲ್ಲ. ಜ್ವರ ನೂರು ದಾಟಿದ್ರೆ ಸೀದಾ ಬನ್ನಿ," ಎಂದರು ಡಾಕ್ಟರ್.

ಆ ವಾರವೇ ತೆನೆಹಬ್ಬ, ಮೇರಿಮಾತೆಯ ಹುಟ್ಟುಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ತಂದು, ಕಾಳು ಸುಲಿದು, ಹಸಿಯಾಗಿಯೇ ಅರೆದು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯಬೇಕು. ದೂರ ಇರುವವರ ಪಾಲಿನ ಕಾಳು ಕವರಿಗೆ ಹಾಕಿ ಅಂಚೆಗೆ. ಅತ್ತೆ ಲಿಲ್ಲಿಬಾಯಿ ದುಬೈಯಲ್ಲಿರುವ ಮೈದುನನ ಕವರಿಗೆ ಅಂಟು ಹಚ್ಚುತ್ತಿದ್ದರು. ನನ್ನ ನಾಲಿಗೆಗೆ ಮೊದಲೇ ಲಗಾಮಿಲ್ಲ.

"ನನ್ನದೂ ಕವರಿಗೆ ಹಾಕಿ. ನಾನೂ ಹೊರಟವಳೇ ಅಲ್ವಾ?"

ಅತ್ತೆಯ ಮುಖ ಬಿಳುಚಿತು. "ಬಾಯಿಗೆ ಬಂದದ್ದು ಮಾತಾಡ್ಬೇಡ ಮಾರಾಯ್ತಿ," ಎಂದರು. ಆಮೇಲೆ ನನಗೆ ಬೇರೆಯೇ ಲೋಟದಲ್ಲಿ ಬಿಸಿ ಹಾಲು ತಂದುಕೊಟ್ಟರು. ಕುಡಿದೆ.

ಮರುದಿನ ಮಧ್ಯಾಹ್ನ ಚಳಿ ಹಿಡಿಯಿತು. ಜ್ವರ ನೂರ ಎರಡು.

"ಎಂತಾದ್ರೂ ಹಸಿ ತಿಂದಿದ್ದೀರಾ?" ಕ್ಯಾಶುವಲ್ಟಿಯಲ್ಲಿ ಡಾಕ್ಟರ್ ಕೇಳಿದರು.

"ಇಲ್ಲ."

"ಉಂಟು," ಬೆನ್ನ ಹಿಂದಿನಿಂದ ಅತ್ತೆಯ ಸ್ವರ. "ಹಾಲಿಗೆ ಹೊಸ ಅಕ್ಕಿ ನಾನೇ ಅರೆದು ಹಾಕಿದ್ದು. ಏಳು ಕಾಳು. ಇವಳ ಪಾಲು ಕವರಿಗೆ ಹಾಕ್ಲಿಕ್ಕೆ ನನಗೆ ಕೈ ಬರ್ಲಿಲ್ಲ ಡಾಕ್ಟ್ರೇ."

ಅಯ್ಯೋ ದೇವರೇ! ಕ್ಯಾನ್ಸರನ್ನು ದಾಟಿ ಹಬ್ಬದ ಹಾಲಿನಿಂದ ಸಾಯಬೇಕೇ ನಾನು?

ಐಸೊಲೇಶನ್ ರೂಮಿಗೆ ಹಾಕಿದರು. ಬಿಪಿ ಇಳಿಯಿತು. ಒಂದರ ಹಿಂದೆ ಒಂದು ಆಂಟಿಬಯಾಟಿಕ್. "ಅಕ್ಕಿಯಿಂದಲೇ ಅಂತ ಹೇಳ್ಲಿಕ್ಕಾಗುದಿಲ್ಲ. ಅಲ್ಲ ಅಂತಲೂ ಹೇಳ್ಲಿಕ್ಕಾಗುದಿಲ್ಲ," ಎಂದರು ಡಾಕ್ಟರ್. ಮೂರು ದಿನ ನಾನು ಅತ್ತೆಯ ಕಡೆ ತಿರುಗಿ ನೋಡಲಿಲ್ಲ. ದೇವರ ಮೇಲೂ ಅಷ್ಟೇ ಸಿಟ್ಟಿತ್ತು.

ನಾಲ್ಕನೆಯ ಸಂಜೆ ಕಣ್ಣು ತಾನಾಗಿ ಆ ಕಡೆ ಹೋಯಿತು. ಗಾಜಿನ ಬಾಗಿಲಿನಾಚೆ ಅತ್ತೆ ನಿಂತಿದ್ದರು, ಕೈಯಲ್ಲಿ ಜಪಸರ.

ಮಣಿಯ ಮೇಲಿನ ಹೆಬ್ಬೆರಳು ಅಲುಗುತ್ತಿರಲಿಲ್ಲ.

ಒಲೆಯ ಮೇಲೆ ಸಾರು ಸೀದರೂ ಜಪ ನಿಲ್ಲಿಸದ ಹೆಂಗಸು ಅವರು. ಗಂಟು ಸಿಕ್ಕಿದಂದಿನಿಂದ ಅಡುಗೆಯ ಹಾಗೆ ಪ್ರಾರ್ಥನೆಯನ್ನೂ ಅವರಿಗೇ ಬಿಟ್ಟು ನಾನು ಮಲಗಿಬಿಟ್ಟಿದ್ದೆ. ನನ್ನ ಪಾಲಿಗೂ ಅವರೇ ನಂಬುತ್ತಿದ್ದರು. ಅವರೂ ನಿಲ್ಲಿಸಿದರೆ ನನಗೆ ಇನ್ಯಾರು? ಜ್ವರಕ್ಕಿಂತ ಹೆಚ್ಚು ಹೆದರಿದ್ದು ಆಗ.

ಮಾಸ್ಕ್ ಕೆಳಗೆಳೆದು, ನಮೋ ಮರಿಯಾ ಜಪದ ಮೊದಲರ್ಧ ನಾನೇ ಹೇಳಿದೆ. ನಮ್ಮ ಮನೆಯಲ್ಲಿ ಅರ್ಧ ಒಬ್ಬರು ಹೇಳಿದರೆ ಉಳಿದರ್ಧ ಇನ್ನೊಬ್ಬರದ್ದು. ಗಾಜಿನಾಚೆ ಸ್ವರ ಹೋಗುವ ಹಾಗಿರಲಿಲ್ಲ. ತುಟಿ ನೋಡಿಯೇ ಅವರಿಗೆ ಗೊತ್ತಾಯಿತು. ಅಳುತ್ತಲೇ ಉಳಿದರ್ಧ ಹೇಳಿದರು. ಹೆಬ್ಬೆರಳು ಒಂದು ಮಣಿ ಮುಂದೆ ಸರಿಯಿತು.

ಆರನೆಯ ದಿನ ಜ್ವರ ಬಿಟ್ಟಿತು. ಔಷಧವೋ ಜಪವೋ, ಬೇರೆ ಮಾಡಿ ನೋಡಲು ನನಗೆ ಮನಸ್ಸಿಲ್ಲ.

ಮನೆಗೆ ಬಂದಾಗ ದೇವರ ಪೀಠದ ಮೇಲೆ ಒಂದು ಕವರ್ ಇತ್ತು. ಮೇಲೆ ಗ್ರೆಟ್ಟಾ ಎಂದು ನನ್ನ ಹೆಸರು, ಒಳಗೆ ಹೊಸ ಅಕ್ಕಿಯ ಕಾಳು.

"ಕೌಂಟ್ ಮೇಲೆ ಬರ್ಲಿ, ಇದರದ್ದೇ ಪಾಯಸ ಮಾಡ್ತೇನೆ," ಎಂದರು ಅತ್ತೆ. "ಕುಕ್ಕರಿನಲ್ಲಿ ಮೂರು ವಿಸಿಲ್ ಹಾಕಿ, ಆಯ್ತಾ?"

ನಕ್ಕುಬಿಟ್ಟೆ. ಸೋಮವಾರ ಮತ್ತೆ ಕೀಮೋ, ಇನ್ನೂ ನಾಲ್ಕು ಸುತ್ತು ಬಾಕಿ. ಹೆದರಿಕೆ ಹೋಗಿಲ್ಲ. ಸಂಜೆಯ ಜಪದ ಮೊದಲರ್ಧ ಈಗ ನನ್ನದು. ಕವರ್ ಪೀಠದ ಮೇಲೆಯೇ ಇದೆ. ಮೈದುನನದ್ದಕ್ಕೆ ಹಚ್ಚಿದ ಹಾಗೆ ಅತ್ತೆ ಅದಕ್ಕೆ ಅಂಟು ಹಚ್ಚಿಲ್ಲ.