ಬಾವುಟದ ಬೆನ್ನಿಗೆ ಬಂದ ಹೆಂಗಸರು

ಬೆಳಕು ಹರಿಯುವ ಹೊತ್ತಿಗೇ ಎಡ್ನಾ ಹೆಸ್ಲಪ್ ಹ್ಯಾಗ್‌ಬರ್ನ್ ಊರಿನ ಸಮುದಾಯ ಭವನದಲ್ಲಿ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಗೋಡೆಯಿಂದ ಗೋಡೆಗೆ ಹಾಸಿದ ರೇಷ್ಮೆ ಬಾವುಟ. ನಿನ್ನೆ ಕೊನೆಯದಾಗಿ ತಿದ್ದಿದ ಬಣ್ಣ ಒಣಗಿದೆಯೇ ಎಂದು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುತ್ತಾರೆ. "ಒಣಗಿದೆ ಕಣ್ರೋ! ಇನ್ನು ಮಳೆರಾಯ ಬಂದ್ರೂ ಬರ್ಲಿ!" ಎಂದು ನೆರೆದವರಿಗೆ ಕೂಗುತ್ತಾರೆ. ಇವತ್ತು ಹತ್ತಿರದ ಡರ್ಹಮ್ ನಗರದಲ್ಲಿ ಕಲ್ಲಿದ್ದಲು ಗಣಿಗಾರರ ದೊಡ್ಡ ಮೆರವಣಿಗೆ. ಹೊರಗೆ ವಾದ್ಯದವರು ಆಗಲೇ ಕಹಳೆ ಊದಿ ನೋಡುತ್ತಿದ್ದಾರೆ.

ಎಪ್ಪತ್ತು ದಾಟಿದ ಎಡ್ನಾರದು ಮನೆಗಳಿಗೆ ಬಣ್ಣ ಬಳಿಯುವ ಕಸುಬು. ಈಗಲೂ ಏಣಿ ಹತ್ತುತ್ತಾರೆ. ಗಂಡ ಕತ್ಬರ್ಟ್ ಗಣಿಯಲ್ಲಿದ್ದವರು. 1984ರಲ್ಲಿ ಗಣಿ ಮುಚ್ಚಬಾರದೆಂದು ನಡೆದ ಮುಷ್ಕರದಲ್ಲಿ ಸಂಬಳ ನಿಂತಾಗ ಊರ ಹೆಂಗಸರು ಇದೇ ಭವನದಲ್ಲಿ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದರು. ಪೊಲೀಸರ ಸಾಲಿಗೆ ಎದುರಾಗಿ ಬೀದಿಯಲ್ಲಿ ನಡೆದರು. ಆಮೇಲೆ ಗಣಿಯೂ ಮುಚ್ಚಿತು. ಊರಿಗೆ ಉಳಿದದ್ದು ಗಣಿಗಾರರ ಸಂಘದ ಈ ಬಾವುಟ, ಅದರ ಮೇಲಿನ ಚಿತ್ರದಲ್ಲಿ ಬರೀ ಗಂಡಸರು.

"ಆಲೂಗೆಡ್ಡೆ ಸುಲಿದೂ ಸುಲಿದೂ ಬೆರಳು ಸವೆದೋದ್ವು. ಬೂಟು ಕಿತ್ತೋಗೋವರೆಗೂ ನಡೆದ್ವಿ. ಬಾವುಟ ನೋಡಿದ್ರೆ ನಾವು ಹುಟ್ಟೇ ಇರ್ಲಿಲ್ಲ ಅನ್ನೋ ಹಂಗಿತ್ತು!" ಎನ್ನುತ್ತಾರೆ ಎಡ್ನಾ.

ಹೋದ ವರ್ಷ ಗಾಳಿಗೆ ಬಾವುಟದ ಹಿಂಬದಿ ಹರಿದುಹೋಯಿತು. ಹೊಸ ರೇಷ್ಮೆ ಹೊಲಿಸಿದಾಗ, ಅಲ್ಲಿ ಹೆಂಗಸರನ್ನು ಬರೆಯುತ್ತೇನೆಂದು ಎಡ್ನಾ ಸಭೆಯಲ್ಲೇ ಎದ್ದು ನಿಂತರು. ವರ್ಷವರ್ಷವೂ ಬಾವುಟದ ಕೋಲು ಹೊರುವ ಹಳೆಯ ಗಣಿಗಾರ ನಾರ್ಮನ್ ಟ್ಯುಲಿಪ್ ಸಿಡಿದೆದ್ದರು.

"ಹಂಗಾದ್ರೆ ನಾನು ಕೋಲು ಮುಟ್ಟಲ್ಲ!"

"ಮುಟ್ಬೇಡ ಬಿಡು ಮುದುಕಾ, ನಾನೇ ಹೊರ್ತೀನಿ!"

ಕೈ ಎತ್ತಿಸಿ ಲೆಕ್ಕ ಹಾಕಿದಾಗ ಎಡ್ನಾ ಕೂದಲೆಳೆಯಲ್ಲಿ ಗೆದ್ದರು. ನಾರ್ಮನ್ ಮತ್ತೆ ಭವನದ ಕಡೆ ತಲೆಹಾಕಲಿಲ್ಲ. ಚಳಿಗಾಲವಿಡೀ ಎಡ್ನಾ ಕೆಲಸ ಮುಗಿಸಿ ಬಂದು ಬರೆದರು. ಹಳೆಯ ಗೆಳತಿಯರು ಮದುವೆಯ ಫೋಟೊ ಹಿಡಿದು ಬಂದು ಕಾಟ ಕೊಟ್ಟರು. "ಗದ್ದ ಒಂದೇ ಬರಿಯೇ, ಎರಡು ಬೇಡ!"

ಇವತ್ತು ಕಹಳೆಯ ಸದ್ದು ಕೇಳಿ ನಾರ್ಮನ್‌ಗೆ ಮನೆಯಲ್ಲಿ ಕೂರಲಾಗಿಲ್ಲ. ಭವನದ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಬಾವುಟದಲ್ಲಿ ತೋಳಿಗೆ ತೋಳು ಹೆಣೆದು ನಡೆಯುವ ಹೆಂಗಸರು; ನಡುವೆ ಬಾಯಿ ತೆರೆದು ಘೋಷಣೆ ಕೂಗುತ್ತಿರುವವಳು ತೀರಿಹೋದ ಅವರ ಹೆಂಡತಿ ಹಿಲ್ಡಾ. ನಾರ್ಮನ್ ಹತ್ತಿರ ಬಂದು ಬಗ್ಗಿ ನೋಡುತ್ತಾರೆ.

"ಬಾಯಿ ತೆರೆದಂಗೇ ಬರೆದಿದ್ದೀಯಲ್ಲೇ."

"ಮುಚ್ಚಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ಯಾ ನಾರ್ಮನ್?"

ನಾರ್ಮನ್ ಗಹಗಹಿಸಿ ನಗುತ್ತಾರೆ. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ತನ್ನಿ ಇಲ್ಲಿ ಕೋಲು. ಇವಳನ್ನ ಬೇರೆಯವ್ರು ಹೊತ್ರೆ ಕನಸಲ್ಲಿ ಬಂದು ಉಗೀತಾಳೆ."

ಡರ್ಹಮ್ ಬೀದಿಯಲ್ಲಿ ಬಾವುಟ ಹಾಯಿಯಂತೆ ಉಬ್ಬುತ್ತದೆ. ಡೋಲು ಎದೆಯೊಳಗೇ ಬಡಿಯುತ್ತದೆ. ಬಾವುಟದ ಹಿಂದೆ ನಡೆಯುವವರೆಲ್ಲ ನೋಡುವುದು ಈಗ ಈ ಹೆಂಗಸರನ್ನೇ. "ಅಗೋ, ನಮ್ಮಜ್ಜಿ!" ಎಂದು ಯಾರೋ ಕಿರುಚುತ್ತಾರೆ. ಎಡ್ನಾರ ಮುಖ ಕೆಂಪೇರುತ್ತದೆ.

ಇನ್ನೇನು ಆಸೆ ಎಂದು ಕೇಳಿದರೆ, ಡೋಲಿನ ಸದ್ದನ್ನು ಮೀರಿಸಿ ಕೂಗಿ ಹೇಳುತ್ತಾರೆ: "ಕೈ ನಡುಗ್ದೆ ಇದ್ರೆ ಸಾಕಪ್ಪ. ಪಕ್ಕದೂರಿನ ಬಾವುಟಕ್ಕೂ ಒಂದು ಬೆನ್ನಿದೆಯಲ್ಲ!"